1522ರ ತಪಸ್ಸುಕಾಲ: ಸಂಯಮ, ಶಾಸನ ಮತ್ತು ಕ್ರೈಸ್ತ ಸ್ವಾತಂತ್ರ್ಯ

ಪೀಠಿಕೆ

1522ನೆಯ ಇಸವಿಯ ಮಾರ್ಚ್ 9, ತಪಸ್ಸುಕಾಲದ ಮೊದಲನೆಯ ಭಾನುವಾರ. ಸ್ವಿಟ್ಜರ್ಲೆಂಡಿನ ಜೂರಿಚ್ ನಗರದಲ್ಲಿ ಕ್ರಿಸ್ಟೋಫ್ ಫ್ರೋಶೌವರ್ ಎಂಬ ಮುದ್ರಕನ ಮನೆಯಲ್ಲಿ ಹತ್ತಾರು ಜನರು ಕೂಡಿದ್ದರು. ಹೊಗೆಯಲ್ಲಿ ಒಣಗಿಸಿದ ಸಾಸೇಜ್‌ಗಳನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿ ಅಲ್ಲಿದ್ದವರಿಗೆ ಹಂಚಲಾಯಿತು. ಮಾಂಸಾಹಾರ ನಿಷಿದ್ಧವಾಗಿದ್ದ ಆ ದಿನಗಳಲ್ಲಿ ಅದು ಅಪರಾಧ. ಅದೇ ಭಾನುವಾರ ಜರ್ಮನಿಯ ವಿಟ್ಟೆನ್‌ಬರ್ಗಿನಲ್ಲಿ, ವಾರ್ಟ್‌ಬರ್ಗ್ ಕೋಟೆಯ ಅಜ್ಞಾತವಾಸದಿಂದ ಕೆಲವೇ ದಿನಗಳ ಹಿಂದೆ ಹಿಂದಿರುಗಿದ್ದ ಮಾರ್ಟಿನ್ ಲೂಥರ್ ಪ್ರಸಂಗಪೀಠವನ್ನೇರಿ, ಕ್ರೈಸ್ತ ಸ್ವಾತಂತ್ರ್ಯವನ್ನು ಅವಸರದಿಂದ ಚಲಾಯಿಸಿ ಬಲಹೀನ ಸಹೋದರರನ್ನು ನೋಯಿಸಿದ್ದ ತನ್ನ ಸ್ವಂತ ಹಿಂಬಾಲಕರನ್ನೇ ತಿದ್ದಲು ತೊಡಗಿದನು.

ಒಂದು ಊರಿನಲ್ಲಿ ಉಪವಾಸದ ಕಟ್ಟಳೆಯನ್ನು ಮುರಿಯುವುದೇ ಸ್ವಾತಂತ್ರ್ಯವೆನಿಸಿತು. ಇನ್ನೊಂದು ಊರಿನಲ್ಲಿ ಸ್ವಾತಂತ್ರ್ಯವನ್ನು ಹಿಡಿತದಲ್ಲಿಟ್ಟುಕೊಳ್ಳಬೇಕೆಂಬ ಕರೆ ಕೇಳಿಬಂತು. ಎರಡೂ ಕಡೆಗಳಲ್ಲಿ ಆಧಾರವಾಗಿದ್ದದ್ದು ಪೌಲನ ಪತ್ರಿಕೆಗಳೇ. ತಪಸ್ಸುಕಾಲದ ಸಂಯಮವು ಬಿಡುಗಡೆಯ ಹಾದಿಯೆಂದು ನಾವು ಪ್ರತಿವರ್ಷವೂ ಬೋಧಿಸುತ್ತೇವೆ. ಆದರೆ ಯಾವ ಸಂಯಮ, ಯಾವುದರಿಂದ ಬಿಡುಗಡೆ ಎಂಬ ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಿಕೊಳ್ಳುವುದು ಅಪರೂಪ. ಸಭೆಯ ಚರಿತ್ರೆಯಲ್ಲಿ ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಎದ್ದುನಿಂತ ಆ ಒಂದು ತಪಸ್ಸುಕಾಲವನ್ನು, ಅದರ ಹಿಂದುಮುಂದಿನೊಡನೆ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪೌಲನ ಎರಡು ಮಾತುಗಳು

ಗಲಾತ್ಯದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯ ಸ್ವಾತಂತ್ರ್ಯದ ಘೋಷಣೆಯಿಂದ ಆರಂಭವಾಗುತ್ತದೆ. ಅದೇ ಅಧ್ಯಾಯ ಆತ್ಮನ ಫಲಗಳ ಪಟ್ಟಿಯ ಕೊನೆಯಲ್ಲಿ 'ಎಂಕ್ರಾತೇಯಾ' ಎಂಬ ಗ್ರೀಕ್ ಪದವನ್ನು ಇರಿಸುತ್ತದೆ. ತನ್ನ ಮೇಲೆ ತನಗಿರುವ ಅಧಿಕಾರ ಎಂಬುದು ಅದರ ಭಾವ. ಕನ್ನಡ ಸತ್ಯವೇದದ ಭಾಷಾಂತರಕಾರರು ಇದಕ್ಕೆ 'ಶಮೆದಮೆ' ಎಂಬ ಜೋಡಿಪದವನ್ನು ಆರಿಸಿಕೊಂಡರು. ನಮ್ಮ ನಾಡಿನ ಆಧ್ಯಾತ್ಮಿಕ ಪರಿಭಾಷೆಯಲ್ಲಿ ಶಮವೆಂದರೆ ಮನಸ್ಸಿನ ನೆಮ್ಮದಿ, ದಮವೆಂದರೆ ಇಂದ್ರಿಯಗಳ ನಿಗ್ರಹ. ಈ ಜೋಡಣೆ ಅರ್ಥಪೂರ್ಣವಾದದ್ದು. ಒಳಗೆ ಶಮವಿಲ್ಲದ ದಮ ಬರಿಯ ಬಿಗಿತವಾಗುತ್ತದೆ. ದಮವಿಲ್ಲದ ಶಮ ಬಹುಕಾಲ ನಿಲ್ಲುವುದಿಲ್ಲ. ಅದಕ್ಕಿಂತಲೂ ಮುಖ್ಯವಾಗಿ, ಪೌಲನ ಪಾಲಿಗೆ ಅದು ಫಲ. ಮರಕ್ಕೆ ಹೊರಗಿನಿಂದ ಕಟ್ಟಿದ ವಸ್ತುವಲ್ಲ.

ಕೊರಿಂಥದವರಿಗೆ ಬರೆಯುವಾಗ ಅವನು ಇದೇ ವಿಷಯವನ್ನು ಊಟದ ತಟ್ಟೆಯ ಮುಂದೆ ತಂದಿಡುತ್ತಾನೆ. ಎಲ್ಲವನ್ನೂ ಮಾಡಲು ತನಗೆ ಅಧಿಕಾರವುಂಟು, ಆದರೆ ತಾನು ಯಾವುದರ ಅಧಿಕಾರಕ್ಕೂ ಒಳಪಡುವವನಲ್ಲ ಎನ್ನುತ್ತಾನೆ. ತನ್ನ ಊಟದಿಂದ ಸಹೋದರನು ಎಡವುವುದಾದರೆ ಮಾಂಸವನ್ನೇ ಬಿಟ್ಟುಬಿಡಲೂ ಸಿದ್ಧನಾಗುತ್ತಾನೆ. ತಿನ್ನುವ ಹಕ್ಕು ಅವನಿಗಿದೆ. ಆ ಹಕ್ಕನ್ನು ಬಿಟ್ಟುಕೊಡುವ ಶಕ್ತಿಯೂ ಇದೆ. ಈ ಎರಡೂ ಇರುವವನೇ ಸ್ವತಂತ್ರನು. ಮುಂದಿನ ಚರಿತ್ರೆಯನ್ನು ಅಳೆಯಲು ಇದೇ ನಮಗೆ ಅಳತೆಗೋಲು.

ಆದಿಸಭೆಯ ಉಪವಾಸ

ಈಸ್ಟರಿಗೆ ಮುಂಚಿನ ಉಪವಾಸವು ಮೊದಲಿಗೆ ಎಲ್ಲೆಡೆಯೂ ಒಂದೇ ರೀತಿಯದಾಗಿರಲಿಲ್ಲ. ಎರಡನೆಯ ಶತಮಾನದ ಕೊನೆಯಲ್ಲಿ ಲಿಯೋನಿನ ಬಿಷಪ್ ಇರಿನೇಯನು ರೋಮಿನ ಬಿಷಪ್ ವಿಕ್ಟರನಿಗೆ ಬರೆದ ಪತ್ರದ ಭಾಗವನ್ನು ಯೂಸೇಬಿಯನು ತನ್ನ ಸಭಾಚರಿತ್ರೆಯಲ್ಲಿ ಉಳಿಸಿಕೊಟ್ಟಿದ್ದಾನೆ. ಕೆಲವರು ಒಂದು ದಿನ, ಕೆಲವರು ಎರಡು ದಿನ, ಕೆಲವರು ಇನ್ನೂ ಹೆಚ್ಚು ದಿನ, ಕೆಲವರು ನಲವತ್ತು ತಾಸು ಉಪವಾಸವಿರುತ್ತಿದ್ದರೆಂದು ಅದರಿಂದ ತಿಳಿಯುತ್ತದೆ. ಹಿರಿಯರು ಈ ಭೇದವನ್ನಿಟ್ಟುಕೊಂಡೇ ಪರಸ್ಪರ ಸಮಾಧಾನದಿಂದ ಬಾಳಿದರೆಂದೂ, ಉಪವಾಸದ ಭಿನ್ನತೆಯೇ ನಂಬಿಕೆಯ ಐಕ್ಯವನ್ನು ಎತ್ತಿತೋರಿಸುತ್ತದೆಂದೂ ಇರಿನೇಯನು ವಾದಿಸಿದನು.

325ರ ನೈಸಿಯ ಮಹಾಸಭೆಯ ಐದನೆಯ ನಿಯಮದಲ್ಲಿ 'ನಲವತ್ತು ದಿನಗಳ' ಕಾಲದ ಉಲ್ಲೇಖ ಬರುತ್ತದೆ. ಅದು ಆಹಾರದ ವಿಷಯವಾಗಿ ಬಂದದ್ದಲ್ಲ. ಸಭೆಯಿಂದ ಹೊರಗಿಡಲ್ಪಟ್ಟವರ ಮೇಲೆ ಯಾವ ಬಿಷಪನಾದರೂ ಹಗೆತನದಿಂದಲೋ ಸಂಕುಚಿತ ಮನಸ್ಸಿನಿಂದಲೋ ತೀರ್ಪು ನೀಡಿದ್ದಾನೆಯೇ ಎಂದು ವಿಚಾರಿಸಲು ವರ್ಷಕ್ಕೆ ಎರಡು ಬಾರಿ ಪ್ರಾಂತಸಭೆ ಕೂಡಬೇಕು. ಅದರಲ್ಲೊಂದು ನಲವತ್ತು ದಿನಗಳಿಗೆ ಮುಂಚೆ ನಡೆಯಬೇಕು. ಹೀಗೆ ಮನಸ್ತಾಪಗಳೆಲ್ಲ ನೀಗಿದ ಮೇಲೆ ದೇವರಿಗೆ ಶುದ್ಧವಾದ ಕಾಣಿಕೆಯನ್ನು ಅರ್ಪಿಸಬೇಕು ಎಂಬುದು ಅದರ ತಾತ್ಪರ್ಯ. ಹೊಟ್ಟೆಯ ಸಂಯಮಕ್ಕಿಂತ ಮೊದಲು ಅಧಿಕಾರದ ಸಂಯಮ, ಅದೂ ಸಭಾಧಿಕಾರಿಗಳಿಂದಲೇ!

ಸಂಯಮವು ದಾರಿತಪ್ಪಬಹುದೆಂಬುದನ್ನೂ ಆದಿಸಭೆ ಬಲ್ಲದಾಗಿತ್ತು. ಮಾಂಸ, ದ್ರಾಕ್ಷಾರಸ, ವಿವಾಹ ಇವೆಲ್ಲವನ್ನೂ ದೂಷಿಸಿದ 'ಎಂಕ್ರಟೈಟ್' ಪಂಥದವರು ತಮ್ಮ ಹೆಸರನ್ನೇ ಎಂಕ್ರಾತೇಯಾ ಪದದಿಂದ ಪಡೆದವರು. ದೇವರ ಸೃಷ್ಟಿಯನ್ನು ಹೀನವೆಂದು ತಿಳಿಯುವ ಆ ಸಂಯಮವನ್ನು ಸಭೆ ನಿರಾಕರಿಸಿತು. ನಾಲ್ಕನೆಯ ಶತಮಾನದಲ್ಲಿ ಗಂಗ್ರಾದಲ್ಲಿ ಕೂಡಿದ ಪ್ರಾಂತಸಭೆಯು ಮಾಂಸ ತಿನ್ನುವ ಭಕ್ತರನ್ನು ಖಂಡಿಸುವವರನ್ನು ಶಪಿಸಿತು; ಅದೇ ಉಸಿರಿನಲ್ಲಿ, ದೇಹಕ್ಕೆ ಅಗತ್ಯವಿಲ್ಲದಿದ್ದರೂ ಅಹಂಕಾರದಿಂದ ಸಭೆಯ ಸಾಮಾನ್ಯ ಉಪವಾಸವನ್ನು ಮುರಿಯುವವರನ್ನೂ ಖಂಡಿಸಿತು.

ಈ ಸಮತೋಲನಕ್ಕೆ ಸೈಪ್ರಸ್ ದ್ವೀಪದ ಬಿಷಪ್ ಸ್ಪಿರಿಡೋನನ ಪ್ರಸಂಗ ಉತ್ತಮ ನಿದರ್ಶನ. ಚರಿತ್ರಕಾರ ಸೊಜೊಮೆನನು ಇದನ್ನು ದಾಖಲಿಸಿದ್ದಾನೆ. ತಪಸ್ಸುಕಾಲದಲ್ಲಿ ಸ್ಪಿರಿಡೋನನೂ ಅವನ ಮನೆಯವರೂ ಉಪವಾಸದಲ್ಲಿದ್ದಾಗ, ನಡೆದು ದಣಿದ ಪ್ರಯಾಣಿಕನೊಬ್ಬನು ಬಾಗಿಲಿಗೆ ಬಂದನು. ಮನೆಯಲ್ಲಿ ರೊಟ್ಟಿಯಿಲ್ಲ, ಹಿಟ್ಟೂ ಇಲ್ಲ. ಉಪ್ಪು ಹಾಕಿಟ್ಟ ಹಂದಿಮಾಂಸ ಮಾತ್ರವಿತ್ತು. ಬಿಷಪನು ದೇವರಿಗೆ ಪ್ರಾರ್ಥಿಸಿ ಕ್ಷಮೆ ಬೇಡಿದನು. ಮಗಳಿಂದ ಅದನ್ನೇ ಬೇಯಿಸಿಸಿ ಬಡಿಸಿದನು. ತಾನು ಕ್ರೈಸ್ತನೆಂದು ಹೇಳಿ ಅತಿಥಿ ಹಿಂಜರಿದಾಗ, ಕ್ರೈಸ್ತನಾಗಿರುವುದರಿಂದಲೇ ನಿರಾಕರಿಸಬಾರದೆಂದು ಹೇಳಿ ತಾನೂ ಅವನೊಡನೆ ಕೂತು ಉಂಡನು. ಸ್ಪಿರಿಡೋನನು ಉಪವಾಸವನ್ನು ತುಚ್ಛವಾಗಿ ಕಂಡವನಲ್ಲ. ಉಪವಾಸ ಅವನ ಕೈಯಲ್ಲಿತ್ತು, ಅವನು ಉಪವಾಸದ ಕೈಯಲ್ಲಿರಲಿಲ್ಲ. ಈಜಿಪ್ಟಿನ ಮರುಭೂಮಿಯ ಹಿರಿಯರಲ್ಲೂ ಇದೇ ವಿವೇಕವಿತ್ತೆಂದು ಜಾನ್ ಕಾಸಿಯನನು ಬರೆಯುತ್ತಾನೆ. ಅತಿಥಿ ಬಂದಾಗ ಅವರು ಉಪವಾಸವನ್ನು ನಿಲ್ಲಿಸುತ್ತಿದ್ದರು. ಉಪವಾಸ ಸದಾ ತಮ್ಮ ಬಳಿಯಲ್ಲೇ ಇರುವುದು, ಅತಿಥಿಯಾದರೋ ಹೊರಟುಹೋಗುವನು ಎಂಬುದು ಅವರ ವಿವರಣೆ.

ಉಪವಾಸವು ಶಾಸನವಾದಾಗ

ಐದನೆಯ ಶತಮಾನದ ಚರಿತ್ರಕಾರ ಸೋಕ್ರಟೀಸನು ತನ್ನ ಕಾಲದ ಪದ್ಧತಿಗಳ ವೈವಿಧ್ಯವನ್ನು ಪಟ್ಟಿಮಾಡುತ್ತಾನೆ: ಕೆಲವರು ಯಾವ ಪ್ರಾಣಿಯ ಮಾಂಸವನ್ನೂ ಮುಟ್ಟರು, ಕೆಲವರು ಮೀನು ಮಾತ್ರ ತಿನ್ನುವರು, ಕೆಲವರು ಮೀನಿನೊಡನೆ ಹಕ್ಕಿಗಳನ್ನೂ, ಕೆಲವರು ಒಣರೊಟ್ಟಿ ಮಾತ್ರ. ಈ ವಿಷಯದಲ್ಲಿ ಲಿಖಿತ ಆಜ್ಞೆಯಿಲ್ಲವಾದ್ದರಿಂದ ಅಪೊಸ್ತಲರು ಇದನ್ನು ಪ್ರತಿಯೊಬ್ಬನ ಇಚ್ಛೆಗೆ ಬಿಟ್ಟರೆಂದು ಅವನು ತೀರ್ಮಾನಿಸುತ್ತಾನೆ.

ಕ್ರಮೇಣ ಆ ಇಚ್ಛೆಯ ಸ್ಥಾನದಲ್ಲಿ ರಾಜಾಜ್ಞೆ ಬಂದು ಕುಳಿತಿತು. ಸುಮಾರು 785ರ ಹೊತ್ತಿಗೆ ಚಾರ್ಲ್ಸ್ ಮಹಾರಾಜನು ತಾನು ಯುದ್ಧದಲ್ಲಿ ಸೋಲಿಸಿದ ಸ್ಯಾಕ್ಸನ್ ಜನರ ಮೇಲೆ ಹೇರಿದ ಶಾಸನದಲ್ಲಿ, ಕ್ರೈಸ್ತ ಧರ್ಮವನ್ನು ತಿರಸ್ಕರಿಸಿ ತಪಸ್ಸುಕಾಲದಲ್ಲಿ ಮಾಂಸ ತಿನ್ನುವವನಿಗೆ ಮರಣದಂಡನೆಯನ್ನು ವಿಧಿಸಿದನು. ಅಗತ್ಯದ ಒತ್ತಡದಿಂದ ತಿಂದನೋ ಎಂದು ಪಾದ್ರಿಯು ವಿಚಾರಿಸಬೇಕೆಂಬ ಒಂದು ಮಾತು ಅದರಲ್ಲಿತ್ತೆಂಬುದು ನಿಜ. ಆದರೂ ಪೌಲನು ಆತ್ಮನ ಫಲವೆಂದದ್ದು ಇಲ್ಲಿ ಗೆದ್ದವನ ಕತ್ತಿಯಿಂದ ವಸೂಲಾಗುವ ಕಪ್ಪವಾಯಿತು.

ಮಧ್ಯಯುಗದ ಕೊನೆಯ ಹೊತ್ತಿಗೆ ಇದಕ್ಕೆ ಹಣದ ಲೆಕ್ಕವೂ ಸೇರಿತು. ಮಾಂಸದೊಡನೆ ಬೆಣ್ಣೆ, ಹಾಲು, ಗಿಣ್ಣುಗಳೂ ನಿಷಿದ್ಧವಾಗಿದ್ದವು. ಎಣ್ಣೆ ದುರ್ಲಭವಾಗಿದ್ದ ಉತ್ತರ ಯೂರೋಪಿನಲ್ಲಿ ಬೆಣ್ಣೆಯಿಲ್ಲದೆ ಅಡುಗೆ ಕಷ್ಟ. ಹಣ ತೆತ್ತು ಅನುಮತಿಪತ್ರ ಪಡೆದವರು ಬೆಣ್ಣೆಯನ್ನು ಬಳಸಬಹುದಾಗಿತ್ತು. ಇವಕ್ಕೆ 'ಬೆಣ್ಣೆಪತ್ರ'ಗಳೆಂದೇ ಹೆಸರು. ಫ್ರಾನ್ಸಿನ ರುವಾನ್ ಪ್ರಧಾನಾಲಯದ ಒಂದು ಗೋಪುರವು ಇಂಥ ಹಣದ ನೆರವಿನಿಂದ ಎದ್ದದ್ದರಿಂದ ಇಂದಿಗೂ 'ಬೆಣ್ಣೆ ಗೋಪುರ' ಎನಿಸಿಕೊಂಡಿದೆ. ಉಳ್ಳವನು ಕೊಂಡುಕೊಳ್ಳಬಹುದಾದ, ಇಲ್ಲದವನು ಮಾತ್ರ ಹೊರಬೇಕಾದ ಸಂಯಮ ಯಾರನ್ನು ಬಿಡಿಸೀತು? 1520ರಲ್ಲಿ ಜರ್ಮನ್ ಕುಲೀನರಿಗೆ ಬರೆದ ಕೃತಿಯಲ್ಲಿ ಲೂಥರನು ಈ ವ್ಯಾಪಾರವನ್ನು ಕಟುವಾಗಿ ಖಂಡಿಸಿದನು.

ಜೂರಿಚಿನ ಊಟ

ಈ ಹಿನ್ನೆಲೆಯಲ್ಲಿ ಫ್ರೋಶೌವರನ ಮನೆಯ ಊಟವನ್ನು ನೋಡಬೇಕು. ನಗರಸಭೆಯ ವಿಚಾರಣೆಯಲ್ಲಿ ಅವನು ಕೊಟ್ಟ ಸಮಜಾಯಿಷಿ ದುಡಿಯುವವನ ಮಾತು. ಫ್ರಾಂಕ್‌ಫರ್ಟಿನ ಜಾತ್ರೆಯ ಹೊತ್ತಿಗೆ ಪೌಲನ ಪತ್ರಿಕೆಗಳ ಮುದ್ರಣವನ್ನು ಮುಗಿಸಬೇಕಾಗಿತ್ತು. ಅವನೂ ಅವನ ಕೆಲಸಗಾರರೂ ಹಗಲಿರುಳು ದುಡಿಯುತ್ತಿದ್ದರು. ಬರಿಯ ಅಂಬಲಿಯಿಂದ ಮೈಯಲ್ಲಿ ಕಸುವು ನಿಲ್ಲದು, ಮೀನನ್ನು ಸದಾ ಕೊಳ್ಳಲು ಕೈಯಲ್ಲಿ ಹಣವಿಲ್ಲ. ಮಾಂಸದ ನಿಷೇಧ ಶ್ರೀಮಂತನ ಮೇಜಿನಲ್ಲಿ ಒಳ್ಳೆಯ ಮೀನಾಗಿ ಪರಿಣಮಿಸುತ್ತಿತ್ತು. ಅಚ್ಚುಕೂಟದ ಆಳಿನ ತಟ್ಟೆಯಲ್ಲಿ ಅಂಬಲಿಯಾಗಿಯೇ ಉಳಿಯುತ್ತಿತ್ತು. ಗಲಾತ್ಯದವರಿಗೆ ಬರೆದ ಸ್ವಾತಂತ್ರ್ಯದ ಮಾತುಗಳನ್ನು ಮೊಳೆ ಜೋಡಿಸಿ ಅಚ್ಚುಹಾಕುವವರು ಆ ಮಾತುಗಳು ತಮಗೂ ಸಲ್ಲುತ್ತವೆಂದು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಅಲ್ಲಿ ಪಾದ್ರಿ ಲಿಯೋ ಯೂದನಿದ್ದನು. ಜೂರಿಚಿನ ಮಹಾದೇವಾಲಯದ ಪಾದ್ರಿ ಉಲ್ರಿಚ್ ಜ್ವಿಂಗ್ಲಿಯೂ ಇದ್ದನು. ಇತರರು ತಿಂದರು, ಜ್ವಿಂಗ್ಲಿ ತಿನ್ನಲಿಲ್ಲ. ಆದರೆ ತಿಂದವರ ಕೈಬಿಡಲೂ ಇಲ್ಲ. ಎರಡು ವಾರಗಳ ತರುವಾಯ, ಮಾರ್ಚ್ 23ರಂದು, ಆಹಾರದ ಆಯ್ಕೆ ಮತ್ತು ಸ್ವಾತಂತ್ರ್ಯವನ್ನು ಕುರಿತು ಪ್ರಸಂಗ ಮಾಡಿದನು. ಏಪ್ರಿಲ್ 16ರಂದು ಅದು ಪುಸ್ತಕರೂಪದಲ್ಲಿ ಹೊರಬಂತು, ಅಚ್ಚುಹಾಕಿದವನು ಫ್ರೋಶೌವರನೇ. ಅದರ ಸಾರ ಸರಳ. ಉಪವಾಸ ಮಾಡಲು ಇಚ್ಛೆಯಿದ್ದವನು ಮಾಡಲಿ. ಮಾಂಸ ಬೇಡವೆಂದವನು ಬಿಡಲಿ. ಆದರೆ ದೇವರು ವಿಧಿಸದ ನಿಯಮದಿಂದ ಕ್ರೈಸ್ತನ ಮನಸ್ಸಾಕ್ಷಿಯನ್ನು ಕಟ್ಟುವುದು ಸಲ್ಲದು. ಬಲಹೀನರನ್ನು ಅನಾವಶ್ಯಕವಾಗಿ ನೋಯಿಸಬಾರದೆಂಬ ಎಚ್ಚರಿಕೆಯನ್ನೂ ಅವನು ಸೇರಿಸಿದನು.

ಅಂದು ಅವನು ತಿನ್ನದಿದ್ದುದನ್ನು ಕೆಲವರು ಜಾಣತನವೆಂದು ಬಗೆದಾರು. ಪ್ರಸಂಗದ ಬೆಳಕಿನಲ್ಲಿ ನೋಡಿದರೆ ಅದಕ್ಕೆ ಇನ್ನೊಂದು ಅರ್ಥ ಹೊಳೆಯುತ್ತದೆ. ತಿನ್ನುವವರ ಹಕ್ಕನ್ನು ಕಾಯಲು ತಾನೂ ತಿನ್ನಲೇಬೇಕಾಗಿಲ್ಲ. ತಿನ್ನದವನು ತಿನ್ನುವವರ ಪಕ್ಕದಲ್ಲಿ ನಿಂತಾಗ ಆ ರಕ್ಷಣೆಗೆ ಬೆಲೆ ಹೆಚ್ಚು. ಅದು ಪೌಲನು ಕೊರಿಂಥದವರಿಗೆ ತೋರಿಸಿದ ಸ್ವಾತಂತ್ರ್ಯಕ್ಕೆ ಹತ್ತಿರವಾದದ್ದು.

ಕಾನ್ಸ್ಟನ್ಸಿನ ಬಿಷಪನು ಏಪ್ರಿಲ್ ಮೊದಲ ಭಾಗದಲ್ಲಿ ನಿಯೋಗವೊಂದನ್ನು ಜೂರಿಚಿಗೆ ಕಳುಹಿಸಿದನು. ನಗರಸಭೆ ಸದ್ಯಕ್ಕೆ ಯಾರೂ ಸಕಾರಣವಿಲ್ಲದೆ ಮಾಂಸ ತಿನ್ನಬಾರದೆಂದು ಆಜ್ಞಾಪಿಸಿ, ಈ ವಿಷಯದಲ್ಲಿ ಸ್ಪಷ್ಟನೆ ನೀಡುವಂತೆ ಬಿಷಪನನ್ನು ಕೇಳಿತು. 1523ರ ಜನವರಿ 29ರ ಬಹಿರಂಗ ವಾದಸಭೆಗಾಗಿ ಜ್ವಿಂಗ್ಲಿ ಸಿದ್ಧಪಡಿಸಿದ 67 ಸೂತ್ರಗಳಲ್ಲಿ ಇಪ್ಪತ್ತನಾಲ್ಕನೆಯದು ಆಹಾರದ ಸ್ವಾತಂತ್ರ್ಯವನ್ನು ಸಾರಿ ಬೆಣ್ಣೆಪತ್ರಗಳನ್ನು ವಂಚನೆಯೆಂದು ಕರೆಯಿತು.

ವಿಟ್ಟೆನ್‌ಬರ್ಗಿನ ಎಂಟು ಪ್ರಸಂಗಗಳು

ವಿಟ್ಟೆನ್‌ಬರ್ಗಿನ ಸಮಸ್ಯೆ ಬೇರೆಯದು. ಲೂಥರನ ಗೈರುಹಾಜರಿಯಲ್ಲಿ ಅಲ್ಲಿನ ಸುಧಾರಣೆ ವೇಗ ಪಡೆದು, ಹಳೆಯ ಪದ್ಧತಿಗಳನ್ನು ಮುರಿಯುವುದೇ ನಿಜವಾದ ಕ್ರೈಸ್ತನ ಗುರುತು ಎಂಬಂತಾಗಿತ್ತು. ಮಾರ್ಚ್ 9ರಿಂದ 16ರವರೆಗೆ ಲೂಥರನು ಎಂಟು ದಿನ ಎಂಟು ಪ್ರಸಂಗಗಳನ್ನು ಮಾಡಿದನು. ನಂಬಿಕೆ ನಿಮ್ಮಲ್ಲಿರಬಹುದು, ಪ್ರೀತಿ ಎಲ್ಲಿ ಎಂಬುದು ಅವನ ಮುಖ್ಯ ಪ್ರಶ್ನೆ. ಸ್ವಾತಂತ್ರ್ಯವಾಗಿ ದೊರೆತದ್ದನ್ನು ಕಡ್ಡಾಯವಾಗಿ ಪರಿವರ್ತಿಸಬಾರದು. ಎದೆಹಾಲಿನ ಶಿಶುವಿಗೆ ಗಟ್ಟಿ ಆಹಾರವನ್ನು ತುರುಕಬಾರದು.

ಮಾಂಸದ ವಿಷಯದಲ್ಲಿ ಅವನು ಸಂದರ್ಭಗಳನ್ನು ಬೇರ್ಪಡಿಸಿದನು. ಆರೋಗ್ಯಕ್ಕೆ ಅಗತ್ಯವಾದರೆ ತಿನ್ನಬೇಕು. ತಿಂದರೆ ಪಾಪವೆಂದು ಅಧಿಕಾರದಿಂದ ಒತ್ತಾಯಿಸುವವರ ಮುಂದೆ ಸ್ವಾತಂತ್ರ್ಯವನ್ನು ಬಿಟ್ಟುಕೊಡದೆ ತಿನ್ನಬೇಕು. ಆದರೆ ಇನ್ನೂ ತಿಳಿಯದ, ಕಲಿಯಲು ಮನಸ್ಸುಳ್ಳ ಸರಳ ಭಕ್ತನ ಮುಂದೆ ತಿನ್ನದಿರಬೇಕು. ಒಂದೇ ತುಂಡು ಮಾಂಸ, ಎದುರಿಗೆ ಕುಳಿತವನು ಯಾರೆಂಬುದರ ಮೇಲೆ, ಒಮ್ಮೆ ಸಾಕ್ಷಿಯೂ ಒಮ್ಮೆ ಎಡವುಗಲ್ಲೂ ಆಗುತ್ತದೆ.

1520ರ 'ಕ್ರೈಸ್ತನ ಸ್ವಾತಂತ್ರ್ಯ' ಎಂಬ ಕೃತಿಯಲ್ಲಿಯೇ ಲೂಥರನು ಇದಕ್ಕೆ ತಳಹದಿ ಹಾಕಿದ್ದನು. ನಂಬಿಕೆಯಿಂದ ನೀತಿವಂತನೆಂದು ಎಣಿಸಲ್ಪಟ್ಟವನಿಗೆ ಉಪವಾಸ ರಕ್ಷಣೆಯ ಬೆಲೆಯಲ್ಲ. ಆದರೂ ಅವನು ದೇಹದಲ್ಲಿ ಬಾಳುವವನು, ನೆರೆಯವರ ನಡುವೆ ಇರುವವನು. ಆದ್ದರಿಂದ ಉಪವಾಸ, ಜಾಗರಣೆ, ದುಡಿಮೆಗಳಿಂದ ದೇಹವನ್ನು ಹತೋಟಿಗೆ ತಂದುಕೊಳ್ಳಬೇಕು; ಎಷ್ಟೆಂಬುದನ್ನು ತಾನೇ ಅರಿತು ನಿರ್ಣಯಿಸಬೇಕು. ಬಿಡುಗಡೆ ಪಡೆಯಲೆಂದು ಸಂಯಮವಲ್ಲ. ಬಿಡುಗಡೆ ಹೊಂದಿದ್ದರಿಂದ ಸಂಯಮ. ಹಾಗಾದರೆ ಸಂಯಮವನ್ನು ಸ್ವಾತಂತ್ರ್ಯದ ಹಾದಿ ಎನ್ನುವುದು ತಪ್ಪೇ? ತಪ್ಪಲ್ಲ. ಹಾದಿಯ ಆರಂಭ ಕೃಪೆಯಲ್ಲಿದೆ ಎಂಬುದನ್ನು ಮರೆಯದಿದ್ದರೆ ಸಾಕು. ದೊರೆತ ಸ್ವಾತಂತ್ರ್ಯವು ದಿನನಿತ್ಯದ ಬಾಳಿನಲ್ಲಿ ನಮ್ಮದಾಗುವುದು ಆ ಹಾದಿಯಲ್ಲಿ ನಡೆಯುತ್ತಲೇ.

ಬಿಡಿಸಿಕೊಂಡವರೇ ಬಂಧಿಸಿದರು

ಜೂರಿಚಿನ ಕಥೆ ಅಲ್ಲಿಗೆ ಮುಗಿದಿದ್ದರೆ ಸುಧಾರಕ ಪರಂಪರೆಯವರು ನೆಮ್ಮದಿಯಿಂದಿರಬಹುದಾಗಿತ್ತು. ಬಿಷಪನ ಕೈಯಿಂದ ಜಾರಿದ ಅಧಿಕಾರ ನಗರಸಭೆಯ ಕೈ ಸೇರಿತು. ಜ್ವಿಂಗ್ಲಿಯ ಬೋಧನೆಯಿಂದಲೇ ಸತ್ಯವೇದವನ್ನು ತೆರೆದ ಯುವಕರಲ್ಲಿ ಕೆಲವರು ಶಿಶುಸ್ನಾನದ ವಿಷಯದಲ್ಲಿ ಬೇರೆ ತೀರ್ಮಾನಕ್ಕೆ ಬಂದಾಗ ಅವರ ಮನಸ್ಸಾಕ್ಷಿಗೆ ಅಲ್ಲಿ ಎಡೆಯಿರಲಿಲ್ಲ. 1527ರ ಜನವರಿ 5ರಂದು ಫೆಲಿಕ್ಸ್ ಮಾಂಟ್ಸನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಲ್ಲಲಾಯಿತು. 1530ರಲ್ಲಿ ಹೊರಟ ನಗರಾಜ್ಞೆ ಭಾನುವಾರದ ಆರಾಧನೆಗೆ ಹಾಜರಾಗುವುದನ್ನು ಕಡ್ಡಾಯಗೊಳಿಸಿತು.

ತಟ್ಟೆಯ ಮೇಲಿನ ಕಟ್ಟಳೆ ತೊಲಗಿತು. ಕಟ್ಟಳೆಯ ಮನೋಭಾವ ತೊಲಗಲಿಲ್ಲ. ಆಹಾರದಲ್ಲಿ ಸ್ವತಂತ್ರರಾದವರು ಅಧಿಕಾರದ ಹಸಿವನ್ನು ಹತೋಟಿಯಲ್ಲಿಡಲಾರದೆ ಹೋದರು. ನೈಸಿಯದ ಐದನೆಯ ನಿಯಮ ಬಿಷಪರಿಂದ ಬೇಡಿದ್ದ ಸಂಯಮ ಇಲ್ಲಿ ಯಾರಿಗೂ ನೆನಪಾಗಲಿಲ್ಲ. ಇದನ್ನು ಒಂದು ಪಂಗಡದ ಸೋಲೆಂದು ತಿಳಿಯುವುದು ಸರಿಯಲ್ಲ. ಬೆಣ್ಣೆಪತ್ರ ಮಾರಿದವರೂ ಲಿಮ್ಮಾಟಿನ ದಡದಲ್ಲಿ ನಿಂತವರೂ ಒಂದೇ ರೋಗದಿಂದ ನರಳಿದವರು. ತನ್ನನ್ನು ಆಳಲರಿಯದವನು ಇತರರನ್ನು ಆಳಲು ಆತುರಪಡುತ್ತಾನೆ.

ನಮ್ಮ ಸಭೆಗಳಲ್ಲಿ

ಈ ಚರಿತ್ರೆ ಕನ್ನಡನಾಡಿಗೆ ದೂರದ್ದಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನಲ್ಲಿ ಸ್ವಿಟ್ಜರ್ಲೆಂಡಿನ ಸುಧಾರಿತ ಪರಂಪರೆಯೂ ದಕ್ಷಿಣ ಜರ್ಮನಿಯ ಲೂಥರನ್ ಭಕ್ತಿಪರಂಪರೆಯೂ ಕೂಡಿದ್ದವು; ಜೂರಿಚ್ ಮತ್ತು ವಿಟ್ಟೆನ್‌ಬರ್ಗುಗಳ ಎರಡು ತೊರೆಗಳು ನಮ್ಮ ಕರಾವಳಿಗೆ ಒಟ್ಟಾಗಿಯೇ ಬಂದವೆನ್ನಬಹುದು. ಅದಕ್ಕೂ ಹಿಂದಿನಿಂದ ಕಥೋಲಿಕ ಸಭೆ ಇಲ್ಲಿ ತಪಸ್ಸುಕಾಲವನ್ನು ಆಚರಿಸುತ್ತ ಬಂದಿದೆ. ಆ ಸಭೆಯಲ್ಲಿಯೂ 1966ರ ಫೆಬ್ರವರಿಯಲ್ಲಿ ಪೋಪ್ ಆರನೆಯ ಪೌಲರು ಹೊರಡಿಸಿದ 'ಪೆನಿಟೆಮಿನಿ' ಎಂಬ ಶಾಸನವು ಕಡ್ಡಾಯ ಉಪವಾಸವನ್ನು ಬೂದಿ ಬುಧವಾರ ಮತ್ತು ಶುಭ ಶುಕ್ರವಾರಗಳಿಗೆ ಸೀಮಿತಗೊಳಿಸಿ, ಪ್ರಾರ್ಥನೆ ಮತ್ತು ದಾನಕಾರ್ಯಗಳಿಗೆ ಒತ್ತುಕೊಟ್ಟಿತು. ಶಾಸನ ಕಿರಿದಾದಷ್ಟೂ ಸ್ವಂತ ನಿರ್ಣಯದ ಹೊಣೆ ಹಿರಿದಾಗುತ್ತದೆ.

ಆದ್ದರಿಂದ ತಪಸ್ಸುಕಾಲವನ್ನು ಬೋಧಿಸುವವರು ಮೂರು ಪ್ರಶ್ನೆಗಳನ್ನು ತಮಗೆ ಹಾಕಿಕೊಳ್ಳುವುದು ಒಳಿತು.

ಮೊದಲನೆಯದು: ಈ ಸಂಯಮದ ಭಾರ ಯಾರ ಮೇಲೆ ಬೀಳುತ್ತದೆ? ವರ್ಷವಿಡೀ ಅರೆಹೊಟ್ಟೆಯಲ್ಲಿರುವ ಕೂಲಿಯಾಳಿಗೆ, ಬಾಣಂತಿಗೆ, ಮನೆಮಂದಿ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಹೆಂಗಸಿಗೆ ಇನ್ನಷ್ಟು ಬಿಡಿರೆಂದು ಹೇಳುವ ಮೊದಲು ಫ್ರೋಶೌವರನ ಆಳುಗಳ ಅಂಬಲಿ ನಮಗೆ ನೆನಪಾಗಬೇಕು.

ಎರಡನೆಯದು: ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ? ಎರಡನೆಯ ಶತಮಾನದ 'ಹೆರ್ಮನ ಕುರುಬ' ಎಂಬ ಗ್ರಂಥವು, ಉಪವಾಸದ ದಿನ ಉಣ್ಣದೆ ಉಳಿಸಿದ ಆಹಾರದ ಬೆಲೆಯನ್ನು ಲೆಕ್ಕಹಾಕಿ ವಿಧವೆಗೋ ಅನಾಥನಿಗೋ ಕೊರತೆಯಲ್ಲಿರುವವನಿಗೋ ಕೊಡಬೇಕೆಂದು ಕಲಿಸುತ್ತದೆ. ಯೆಶಾಯನ ಐವತ್ತೆಂಟನೆಯ ಅಧ್ಯಾಯ ಬೇಡುವ ಉಪವಾಸವೂ ನೊಗಗಳನ್ನು ಮುರಿಯುವಂಥದ್ದೇ. ನನ್ನನ್ನು ಬಿಡಿಸಿ ನೆರೆಯವನನ್ನು ಕಟ್ಟಿಯೇ ಇಡುವ ಸಂಯಮ ಅಪೂರ್ಣ.

ಮೂರನೆಯದು, ಸಭಾಸೇವಕರಿಗೆ ವಿಶೇಷವಾಗಿ ಸಲ್ಲುವುದು: ನಮ್ಮ ಹಸಿವು ಯಾವುದು? ಊಟವನ್ನು ಬಿಡುವುದು ನಮ್ಮಲ್ಲಿ ಅನೇಕರಿಗೆ ಕಷ್ಟವಲ್ಲ. ಕೊನೆಯ ಮಾತು ನಮ್ಮದೇ ಆಗಬೇಕೆಂಬ ಹಂಬಲ, ಸಮಿತಿಯಲ್ಲಿ ಸೋತಾಗ ಒಳಗೇ ಉರಿಯುವ ಕೋಪ, ಸಭಿಕರ ಮನಸ್ಸಾಕ್ಷಿಯನ್ನು ನಾವೇ ಆಳಬೇಕೆಂಬ ಆಸೆ, ಇವುಗಳಿಂದ ನಲವತ್ತು ದಿನ ಉಪವಾಸವಿರುವುದು ಕಷ್ಟ. ಜೂರಿಚ್ ಸೋತದ್ದು ಇಲ್ಲಿಯೇ.

1522ರ ತಪಸ್ಸುಕಾಲವು ಸಂಯಮಕ್ಕೂ ಸ್ವಾತಂತ್ರ್ಯಕ್ಕೂ ವಿರೋಧವಿದೆಯೆಂದು ಕಲಿಸುವುದಿಲ್ಲ. ಹೊರಗಿನಿಂದ ಹೇರಿದ ಸಂಯಮ ದಾಸತ್ವವಾಗುತ್ತದೆ. ಸಂಯಮವಿಲ್ಲದ ಸ್ವಾತಂತ್ರ್ಯ ಇತರರ ದಾಸತ್ವಕ್ಕೆ ಕಾರಣವಾಗುತ್ತದೆ. ತಿನ್ನುವವರ ನಡುವೆ ತಿನ್ನದೆ ಕುಳಿತು, ಅವರನ್ನು ಖಂಡಿಸದೆ ಅವರ ಪರವಾಗಿ ಮಾತಾಡಿದ ಆ ಭಾನುವಾರದ ಜ್ವಿಂಗ್ಲಿಯಲ್ಲಿಯೂ, ಉಪವಾಸವಿದ್ದೂ ಹಸಿದ ಅತಿಥಿಯೊಡನೆ ಉಂಡ ಸ್ಪಿರಿಡೋನನಲ್ಲಿಯೂ ಈ ಎರಡು ಒಂದಾದದ್ದನ್ನು ಕಾಣುತ್ತೇವೆ. ಒಬ್ಬನು ಉಣ್ಣಲಿಲ್ಲ, ಇನ್ನೊಬ್ಬನು ಉಂಡನು, ಇಬ್ಬರೂ ಸ್ವತಂತ್ರರಾಗಿದ್ದರು. ಈ ನಲವತ್ತು ದಿನಗಳಲ್ಲಿ ನಮ್ಮ ಸಭೆಗಳು ಬೇಡಿಕೊಳ್ಳಬೇಕಾದದ್ದು ಆ ಫಲವನ್ನೇ.